ನಿಯಮದ ಜೊತೆಗೆ ಕಾರಣ: ಅಲ್-ಖ್ವಾರಿಝ್ಮಿ ಮತ್ತು ನಮ್ಮ ಯುವ ಪ್ರೋಗ್ರಾಮರ್‌ಗಳು

‘ಆಲ್ಗಾರಿದಮ್’ ಎಂಬ ಪದವು ಒಬ್ಬ ಮುಸ್ಲಿಮ್ ವಿದ್ವಾಂಸರ ಹೆಸರಿನಿಂದ ಹುಟ್ಟಿತೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ವಿದ್ವಾಂಸರು ತಮ್ಮ ವಿದ್ಯೆಯನ್ನು ಹೇಗೆ ಕಲಿಸಿದರೆಂದು ವಿಚಾರಿಸುವವರು ವಿರಳ. ನಮ್ಮ ಅನೇಕ ಮಕ್ಕಳು ಇಂದು ಸಾಫ್ಟ್‌ವೇರ್ ಕ್ಷೇತ್ರಕ್ಕೆ ಕಾಲಿಡುತ್ತಿರುವಾಗ ಅಭಿಮಾನಕ್ಕಿಂತ ಆ ವಿಚಾರಣೆಯೇ ಹೆಚ್ಚು ಪ್ರಯೋಜನಕಾರಿ.

ಮುಹಮ್ಮದ್ ಬಿನ್ ಮೂಸಾ ಅಲ್-ಖ್ವಾರಿಝ್ಮಿ ಕ್ರಿ.ಶ. 9ನೇ ಶತಮಾನದ ಪೂರ್ವಾರ್ಧದಲ್ಲಿ ಬಗ್ದಾದಿನಲ್ಲಿದ್ದರು. ಅಬ್ಬಾಸಿ ಖಲೀಫ ಮಾಮೂನರ (813-833) ಪ್ರೋತ್ಸಾಹದಿಂದ ಅವರು ‘ಅಲ್-ಜಬ್ರ್ ವಲ್-ಮುಕಾಬಲ’ದ ಕುರಿತು ಸಂಕ್ಷಿಪ್ತ ಗ್ರಂಥವೊಂದನ್ನು ರಚಿಸಿದರು. ವಾರಸು ಹಂಚಿಕೆ, ವಸಿಯ್ಯತ್, ವ್ಯಾಪಾರ, ಭೂಮಾಪನ, ಕಾಲುವೆ ತೋಡುವಿಕೆ ಮುಂತಾದ ನಿತ್ಯದ ವ್ಯವಹಾರಗಳಲ್ಲಿ ಜನರಿಗೆ ನೆರವಾಗುವುದು ಅದರ ಉದ್ದೇಶವಾಗಿತ್ತು. ಗ್ರಂಥದ ಕೊನೆಯ ದೀರ್ಘ ಭಾಗವು ವಸಿಯ್ಯತ್ ಮತ್ತು ವಾರಸಿನ ಲೆಕ್ಕಗಳಿಗೇ ಮೀಸಲಾಗಿದೆ.

ಅದರಲ್ಲಿನ ಪ್ರಸಿದ್ಧ ಸಮಸ್ಯೆಯೊಂದನ್ನು ನೋಡೋಣ. ಒಂದು ಸಂಖ್ಯೆಯ ವರ್ಗಕ್ಕೆ ಆ ಸಂಖ್ಯೆಯ 10 ಪಟ್ಟನ್ನು ಕೂಡಿಸಿದರೆ 39 ಆಗುತ್ತದೆ. ಆ ಸಂಖ್ಯೆ ಯಾವುದು? ಅವರು ಹೇಳಿದ ಕ್ರಮ ಹೀಗಿದೆ: 10ರ ಅರ್ಧ 5. ಅದನ್ನು ಅದರಿಂದಲೇ ಗುಣಿಸಿದರೆ 25. ಅದನ್ನು 39ಕ್ಕೆ ಕೂಡಿಸಿದರೆ 64. ಅದರ ವರ್ಗಮೂಲ 8. ಅದರಿಂದ 5ನ್ನು ಕಳೆದರೆ ಉತ್ತರ 3.

ಉತ್ತರ ದೊರೆಯಿತು. ಕೇವಲ ಉತ್ತರ ಬೇಕಾದವನಿಗೆ ಇಷ್ಟು ಸಾಕು. ಆದರೆ ಅಲ್-ಖ್ವಾರಿಝ್ಮಿ ಇಲ್ಲಿಗೆ ನಿಲ್ಲಲಿಲ್ಲ. ಚಿತ್ರ ಬರೆದು ಕಾರಣವನ್ನೂ ತೋರಿಸಿದರು. ಬದಿಯ ಅಳತೆ ತಿಳಿಯದ ಒಂದು ಚೌಕ. ಅದರ ಎರಡು ಅಕ್ಕಪಕ್ಕದ ಬದಿಗಳಿಗೆ 5 ಅಳತೆಯ ಅಗಲವುಳ್ಳ ಒಂದೊಂದು ಆಯತ. ಈ ಮೂರರ ಒಟ್ಟು ವಿಸ್ತೀರ್ಣ 39. ಈಗ ಮೂಲೆಯಲ್ಲಿ ಒಂದು ಸಣ್ಣ ಚೌಕದಷ್ಟು ಜಾಗ ಖಾಲಿ ಉಳಿದಿದೆ. ಅದರ ವಿಸ್ತೀರ್ಣ 25. ಅದನ್ನು ತುಂಬಿದರೆ 64ರ ಪೂರ್ಣ ಚೌಕವಾಗುತ್ತದೆ, ಅದರ ಬದಿ 8. ಆಯತದ ಅಗಲವಾದ 5ನ್ನು ತೆಗೆದರೆ ಮೂಲ ಚೌಕದ ಬದಿ 3. 25ನ್ನು ಕೂಡಿಸಿದ್ದೇಕೆ, 5ನ್ನು ಕಳೆದದ್ದೇಕೆ ಎಂಬುದು ಈಗ ಕಣ್ಣಿಗೇ ಕಾಣುತ್ತದೆ.

ನಿಯಮವನ್ನು ಮಾತ್ರ ಬಲ್ಲವನು ಪ್ರಶ್ನೆ ತುಸು ಬದಲಾದರೂ ದಾರಿ ತಪ್ಪುತ್ತಾನೆ. ಕಾರಣವನ್ನು ಬಲ್ಲವನು ಹೊಸ ಪ್ರಶ್ನೆಗೂ ದಾರಿ ಕಂಡುಕೊಳ್ಳುತ್ತಾನೆ.

ಹದೀಸ್ ವಿದ್ವಾಂಸರ ಪರಂಪರೆಯೂ ಇದೇ ಎಚ್ಚರಿಕೆಯನ್ನು ಪಾಲಿಸಿತು. ಗ್ರಂಥವನ್ನು ನಕಲು ಮಾಡಿಕೊಂಡ ಮಾತ್ರಕ್ಕೆ ಶಿಷ್ಯನ ಕೆಲಸ ಮುಗಿಯುತ್ತಿರಲಿಲ್ಲ. ಅವನು ತನ್ನ ಪ್ರತಿಯನ್ನು ಮೂಲದೊಂದಿಗೆ ಹೋಲಿಸಿ ತಿದ್ದಬೇಕಿತ್ತು. ಈ ಹೋಲಿಕೆಗೂ ‘ಮುಕಾಬಲ’ ಎಂದೇ ಹೆಸರು. ಕ್ರಿ.ಶ. 1245ರಲ್ಲಿ ನಿಧನರಾದ ಇಬ್ನುಸ್ಸಲಾಹ್‌ರವರು ತಮ್ಮ ‘ಮುಕದ್ದಿಮ’ದಲ್ಲಿ ಇದರ ನಿಯಮಗಳನ್ನು ವಿವರಿಸಿದ್ದಾರೆ. ಶಿಷ್ಯನು ಗುರುವಿನ ಮುಂದೆ ಓದಿ ಒಪ್ಪಿಸುವ ಪದ್ಧತಿಯೂ ಪ್ರಚಲಿತವಾಗಿತ್ತು.

ಇಂದು ನಕಲು ಮಾಡುವುದು ಹಿಂದೆಂದಿಗಿಂತಲೂ ಸುಲಭ. ಹೊಸದಾಗಿ ಕೆಲಸಕ್ಕೆ ಸೇರಿದ ಯುವಕನು ಅಂತರ್ಜಾಲದಿಂದಲೋ ಕೃತಕ ಬುದ್ಧಿಮತ್ತೆಯಿಂದಲೋ ಕೋಡ್ ಪಡೆದು ಅಂಟಿಸುತ್ತಾನೆ. ಅದು ಓಡುತ್ತದೆ, ಅವನು ಮುಂದಿನ ಕೆಲಸಕ್ಕೆ ಹೋಗುತ್ತಾನೆ. ಇದರಲ್ಲಿನ ಅಪಾಯವನ್ನು ನಮಗೆ ಪರಿಚಿತವಾದ ಫರಾಯಿಝ್ ಶಾಸ್ತ್ರದಿಂದಲೇ ಅರಿಯಬಹುದು.

ಒಬ್ಬನು ವಾರಸು ಹಂಚಿಕೆಯ ಆ್ಯಪ್ ರಚಿಸುತ್ತಾನೆಂದು ಭಾವಿಸೋಣ. ಮೃತ ಸ್ತ್ರೀಗೆ ಪತಿ ಮತ್ತು ಇಬ್ಬರು ಒಡಹುಟ್ಟಿದ ಸಹೋದರಿಯರು ಮಾತ್ರ ವಾರಸುದಾರರು. ಪತಿಗೆ ಅರ್ಧ, ಸಹೋದರಿಯರಿಗೆ ಒಟ್ಟಾಗಿ ಮೂರನೇ ಎರಡು ಭಾಗ. ಇವುಗಳ ಮೊತ್ತ ಒಂದನ್ನು ಮೀರಿ ಆರನೇ ಏಳು ಭಾಗವಾಗುತ್ತದೆ. ಆಸ್ತಿ 7 ಲಕ್ಷ ರೂಪಾಯಿ. ಪಟ್ಟಿಯನ್ನಷ್ಟೇ ನಕಲಿಸಿದ ಪ್ರೋಗ್ರಾಮ್ ಹಂಚುವುದು 8 ಲಕ್ಷ 16 ಸಾವಿರಕ್ಕೂ ಹೆಚ್ಚು! ಹಝ್ರತ್ ಉಮರ್(ರ)ರವರ ಖಿಲಾಫತ್ ಕಾಲದಲ್ಲಿ ಸಹಾಬಿಗಳ ಸಮಾಲೋಚನೆಯಿಂದ ಇಂಥ ಸಮಸ್ಯೆಗೆ ‘ಔಲ್’ ಎಂಬ ಪರಿಹಾರ ರೂಪುಗೊಂಡಿತು. ಆಸ್ತಿಯನ್ನು 7 ಪಾಲು ಮಾಡಿ ಪತಿಗೆ 3, ಸಹೋದರಿಯರಿಗೆ ತಲಾ 2 ನೀಡಲಾಗುತ್ತದೆ. ಎಲ್ಲರ ಪಾಲೂ ಒಂದೇ ಪ್ರಮಾಣದಲ್ಲಿ ತಗ್ಗುತ್ತದೆ. ಇದನ್ನರಿಯದವನು ಮೊದಲು ಪತಿಗೆ ಮೂರೂವರೆ ಲಕ್ಷ ಕೊಟ್ಟು ಉಳಿದದ್ದನ್ನು ಸಹೋದರಿಯರಿಗೆ ಬಿಡುವಂತೆ ಕೋಡನ್ನು ‘ಸರಿಪಡಿಸಿದರೆ’ ದೋಷಸೂಚನೆಯೇ ಬರುವುದಿಲ್ಲ. ಆದರೆ ಇಬ್ಬರು ಹೆಣ್ಣುಮಕ್ಕಳ ಹಕ್ಕಿನಿಂದ 50 ಸಾವಿರ ಸದ್ದಿಲ್ಲದೆ ಕಳೆದುಹೋಗಿರುತ್ತದೆ.

ಡೆನ್ಮಾರ್ಕಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರ ಪ್ರಬಂಧವೊಂದರಲ್ಲಿ, ಪ್ರೋಗ್ರಾಮಿನ ಜೀವಾಳ ಬರೆದ ಸಾಲುಗಳಲ್ಲಿಲ್ಲ, ಅದನ್ನು ರಚಿಸಿದವರ ಮನಸ್ಸಿನಲ್ಲಿರುವ ತಿಳಿವಳಿಕೆಯಲ್ಲಿದೆ ಎಂದು ವಾದಿಸಿದರು. ಹೊಸಬರು ಅದನ್ನು ಪಡೆಯಬೇಕಾದರೆ ಬಲ್ಲವರೊಂದಿಗೆ ಕುಳಿತು ದುಡಿಯಬೇಕು. ಉಸ್ತಾದರ ಮುಂದೆ ಮಂಡಿಯೂರಿ ಕಲಿತವರಿಗೆ ಈ ಮಾತು ಹೊಸದೇನಲ್ಲ.

ಹಿರಿಯ ಪ್ರೋಗ್ರಾಮರ್‌ಗಳು ಕಿರಿಯರಿಗೆ ನೆರವಾಗುವ ದಾರಿಯೂ ಇಲ್ಲಿಯೇ ಇದೆ. ಸಿದ್ಧ ಉತ್ತರ ಕೊಡುವ ಬದಲು, ಕೋಡಿನ ಪ್ರತಿಯೊಂದು ಸಾಲು ಅಲ್ಲಿ ಏಕಿದೆಯೆಂದು ಅವರ ಬಾಯಿಂದಲೇ ಕೇಳಬೇಕು. ಓಡಿಸುವ ಮೊದಲು ಕಾಗದದ ಮೇಲೆ ಸಣ್ಣ ಸಂಖ್ಯೆಗಳಿಂದ ಲೆಕ್ಕ ಮಾಡಿಸಿ, ಫಲಿತಾಂಶವನ್ನು ಊಹಿಸಲು ಹೇಳಬೇಕು. ಊಹೆ ತಪ್ಪಿದಲ್ಲಿ ಗದರದೆ, ತಪ್ಪಿದ್ದೆಲ್ಲಿ ಎಂದು ಜೊತೆಯಾಗಿ ಹುಡುಕಬೇಕು. ಒಂದು ಸಾಲನ್ನು ಅಳಿಸಿದರೆ ಏನಾಗುತ್ತದೆಂದು ಪರೀಕ್ಷಿಸಲು ಬಿಡಬೇಕು. “ತಿಳಿಯಲಿಲ್ಲ” ಎನ್ನಲು ಕಿರಿಯನು ನಾಚಬಾರದು; ಹಾಗೆಂದಾಗ ಹಿರಿಯನು ನಗಬಾರದು. ಇದಕ್ಕೆ ಸಮಯ ಹಿಡಿಯುತ್ತದೆ, ನಿಜ. ಆದರೆ ಅರಿಯದೆ ಬರೆದುದನ್ನು ಮುಂದೆ ತಿದ್ದಲು ಅದಕ್ಕಿಂತ ಹೆಚ್ಚು ಸಮಯ ಬೇಕಾಗುತ್ತದೆ.

ತಂದೆತಾಯಂದಿರೂ ಮಕ್ಕಳೊಂದಿಗೆ ಅಂಕ, ಸಂಬಳಗಳ ಜೊತೆಗೆ “ಇಂದು ಏನನ್ನು ಅರ್ಥಮಾಡಿಕೊಂಡೆ?” ಎಂದೂ ಕೇಳಲಿ. ಬೇರೆಯವರ ಹಣ, ಆರೋಗ್ಯ, ಹಕ್ಕುಗಳು ಇಂದು ನಮ್ಮ ಮಕ್ಕಳು ಬರೆಯುವ ಸಾಲುಗಳನ್ನು ಅವಲಂಬಿಸಿವೆ. ಅದು ಅವರ ಕೈಗೆ ಒಪ್ಪಿಸಲಾದ ಅಮಾನತ್. ತಾನು ಅರಿಯದ ವಸ್ತುವಿಗೆ ಯಾರೂ ಜಾಮೀನಾಗಲಾರರು.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ ಅದನ್ನು ಅರಿತು ಬಳಸುವ ವಿವೇಕವನ್ನೂ ಅನುಗ್ರಹಿಸಲಿ. ಆಮೀನ್.