ಟವರ್‌ನಿಂದ ಉತ್ತರ ಬಾರದಾಗ

ನಿಯಂತ್ರಣ ಗೋಪುರ, ಅಂದರೆ ಟವರ್ ಇರುವ ವಿಮಾನ ನಿಲ್ದಾಣದಲ್ಲಿ ಪೈಲಟ್ ತನ್ನಷ್ಟಕ್ಕೆ ತಾನು ರನ್‌ವೇಗೆ ಇಳಿಯುವಂತಿಲ್ಲ. ಟವರ್‌ನಲ್ಲಿರುವ ಕಂಟ್ರೋಲರ್ ವಿಮಾನದ ಹೆಸರು ಹಿಡಿದು ಕರೆದು, ರನ್‌ವೇ ಯಾವುದೆಂದು ತಿಳಿಸಿ, 'ಕ್ಲಿಯರ್ಡ್ ಟು ಲ್ಯಾಂಡ್' ಎನ್ನಬೇಕು. ಪೈಲಟ್ ಅದನ್ನು ಹಾಗೆಯೇ ತಿರುಗಿ ಹೇಳಬೇಕು. ಇಷ್ಟು ನಡೆಯದೆ ಇಳಿದರೆ ಸಾಮಾನ್ಯವಾಗಿ ಅದು ನಿಯಮಭಂಗ. ಆದರೂ ಹಾಗೆ ಇಳಿದ ವಿಮಾನಗಳಿವೆ. ಕೆಲವು ಸಲ ಮರೆವಿನಿಂದ, ಕೆಲವು ಸಲ ರೇಡಿಯೊ ಕೆಟ್ಟು, ಅಪರೂಪಕ್ಕೆ ಅನುಮತಿ ಕೊಡಬೇಕಾದವರೇ ನಿದ್ದೆಹೋಗಿ.

ಅನುಮತಿ ಏನನ್ನು ಹೇಳುತ್ತದೆ?

ರನ್‌ವೇ ಈಗ ನಿನ್ನದು, ಅಲ್ಲಿ ಬೇರೆ ವಿಮಾನವಾಗಲಿ ವಾಹನವಾಗಲಿ ಅಡ್ಡ ಬರುವುದಿಲ್ಲ ಎಂಬ ಭರವಸೆಯೇ ಈ ಅನುಮತಿ. ರಾತ್ರಿ ಹೊತ್ತು, ಮಂಜಿನಲ್ಲಿ ಪೈಲಟ್ ಕಣ್ಣಿಗೆ ಕಾಣದ್ದನ್ನು ಟವರ್ ನೋಡಿಕೊಳ್ಳಬೇಕು. ಆ ಭರವಸೆ ಸುಳ್ಳಾದರೆ ಏನಾಗುತ್ತದೆ ಎಂಬುದಕ್ಕೆ 1991ರ ಫೆಬ್ರವರಿ 1ರ ಲಾಸ್ ಏಂಜಲೀಸ್ ದುರಂತ ಸಾಕ್ಷಿ. ರನ್‌ವೇ ಮೇಲೆ ಸಣ್ಣ ವಿಮಾನವೊಂದು ಕಾಯುತ್ತಿರುವುದನ್ನು ಮರೆತ ಕಂಟ್ರೋಲರ್, ಯುಎಸ್‌ಏರ್‌ನ ಬೋಯಿಂಗ್ ವಿಮಾನಕ್ಕೆ ಅದೇ ರನ್‌ವೇಗೆ ಇಳಿಯಲು ಅನುಮತಿ ಕೊಟ್ಟಿದ್ದರು. ಸಣ್ಣ ವಿಮಾನದಲ್ಲಿದ್ದ 12 ಮಂದಿಯೂ ಸತ್ತರು, ಬೋಯಿಂಗ್‌ನಲ್ಲಿದ್ದ ಹಲವರೂ ಉಳಿಯಲಿಲ್ಲ.

ಅನುಮತಿ ಕೇಳುವುದನ್ನೇ ಪೈಲಟ್ ಮರೆಯುವುದೂ ಉಂಟು. ನಿಲ್ದಾಣ ಹತ್ತಿರವಾಗುವವರೆಗೆ ವಿಮಾನ 'ಅಪ್ರೋಚ್' ಕೇಂದ್ರದ ಜೊತೆ ಮಾತಿನಲ್ಲಿರುತ್ತದೆ. ಕೊನೆಯ ಕೆಲವು ಮೈಲಿ ಇರುವಾಗ ಫ್ರೀಕ್ವೆನ್ಸಿ ಬದಲಿಸಿ ಟವರ್‌ಗೆ ಬರಬೇಕು. ಚಕ್ರ ಇಳಿಸುವುದು, ಫ್ಲಾಪ್ ಬಿಡುವುದು, ಚೆಕ್‌ಲಿಸ್ಟ್ ಓದುವುದು ಎಲ್ಲವೂ ಅದೇ ಹೊತ್ತಿಗೆ ಬರುವುದರಿಂದ ಆ ಒಂದು ಗುಂಡಿ ತಿರುಗಿಸುವುದು ತಪ್ಪಿಹೋಗುತ್ತದೆ. ಅನುಮತಿ ಸಿಕ್ಕಿದೆಯೇ ಎಂಬ ಅನುಮಾನ ಬಂದರೆ ನಿಯಮ ಒಂದೇ: ಇಳಿಯಬೇಡ, ಮೇಲೇರಿ ಸುತ್ತು ಹಾಕಿ ಬಾ. ಇದನ್ನೇ 'ಗೋ ಅರೌಂಡ್' ಎನ್ನುವುದು.

ವಾಷಿಂಗ್ಟನ್, 2011 ಮಾರ್ಚ್ 23

ಮಧ್ಯರಾತ್ರಿ ಕಳೆದಿತ್ತು. ಮಯಾಮಿಯಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನ 97 ಜನರನ್ನು ಹೊತ್ತು ರೇಗನ್ ನ್ಯಾಷನಲ್ ನಿಲ್ದಾಣದತ್ತ ಇಳಿಯುತ್ತಿತ್ತು. ಪೈಲಟ್‌ಗಳು ಟವರನ್ನು ಕರೆದರು. ಉತ್ತರವಿಲ್ಲ. ನಿಯಮದಂತೆ ಇಳಿಯುವುದನ್ನು ಕೈಬಿಟ್ಟು ಮೇಲೇರಿ, ಪೊಟೊಮ್ಯಾಕ್ ಅಪ್ರೋಚ್ ಕೇಂದ್ರಕ್ಕೆ ವಿಷಯ ತಿಳಿಸಿದರು. ಅಲ್ಲಿಂದ ಟವರ್‌ಗೆ ಫೋನ್ ಮಾಡಿದರೆ ಅದನ್ನೂ ಯಾರೂ ಎತ್ತಲಿಲ್ಲ. ಕೊನೆಗೆ ಅಪ್ರೋಚ್ ಕೇಂದ್ರದವರು ರೇಡಾರ್ ನೋಡಿ ದಾರಿ ತೋರಿಸಿದರು, ಟವರ್ ಇಲ್ಲದ ನಿಲ್ದಾಣಕ್ಕೆ ಇಳಿಯುವಂತೆ ಪೈಲಟ್‌ಗಳು ಇಳಿದರು. ಸ್ವಲ್ಪ ಹೊತ್ತಿನಲ್ಲೇ ಶಿಕಾಗೊದಿಂದ 68 ಜನರೊಂದಿಗೆ ಬಂದ ಯುನೈಟೆಡ್ ವಿಮಾನವೂ ಹೀಗೆಯೇ ಇಳಿಯಿತು. ಇಬ್ಬರಿಗೂ ಟವರ್‌ನಿಂದ ಒಂದು ಮಾತು ಬಂದಿರಲಿಲ್ಲ.

ಆ ರಾತ್ರಿ ಟವರ್‌ನಲ್ಲಿದ್ದದ್ದು ಒಬ್ಬರೇ. ಹೊಸಬರಲ್ಲ, ಬಹಳ ವರ್ಷ ಅನುಭವವಿದ್ದ ಮೇಲ್ವಿಚಾರಕ. ರಾತ್ರಿ 10ರಿಂದ ಬೆಳಗಿನ 6ರ ಪಾಳಿಯಲ್ಲಿ ಅದು ಸತತ ನಾಲ್ಕನೆಯ ರಾತ್ರಿ. ಸ್ವಲ್ಪ ಹೊತ್ತು ನಿದ್ದೆಹೋಗಿದ್ದಾಗಿ ತನಿಖಾಧಿಕಾರಿಗಳ ಮುಂದೆ ಅವರೇ ಒಪ್ಪಿಕೊಂಡರು. ಎರಡೂ ವಿಮಾನಗಳು ಸುರಕ್ಷಿತವಾಗಿ ಇಳಿದವು ನಿಜ. ಆದರೆ ರನ್‌ವೇ ಕೆಲಸದ ವಾಹನಗಳು ಓಡಾಡುವುದು ಇಂಥ ಹೊತ್ತಿನಲ್ಲೇ, ಅವು ದೂರದ ರೇಡಾರ್‌ಗೆ ಕಾಣಿಸುವುದಿಲ್ಲ. ಹಾಗಾಗಿ ಏನೂ ಆಗಲಿಲ್ಲವಲ್ಲ ಎಂದು ಈ ಘಟನೆಯನ್ನು ಬದಿಗೆ ಸರಿಸುವುದು ತಪ್ಪು.

ಟವರೇ ಇಲ್ಲದ ಕಡೆ

ಆ ಪೈಲಟ್‌ಗಳು ಗಾಬರಿಯಾಗದಿರಲು ಕಾರಣವಿದೆ. ಅಮೆರಿಕದಲ್ಲಿ ಸಾರ್ವಜನಿಕ ಬಳಕೆಯ ನಿಲ್ದಾಣಗಳು ಸುಮಾರು 5,000. ಟವರ್ ಇರುವುದು 500ರ ಆಸುಪಾಸಿನಷ್ಟಕ್ಕೆ ಮಾತ್ರ, ಅವುಗಳಲ್ಲೂ ಹಲವು ರಾತ್ರಿ ಮುಚ್ಚುತ್ತವೆ. ಉಳಿದೆಡೆ ಪೈಲಟ್‌ಗಳೇ ಒಂದು ಸಾಮಾನ್ಯ ಫ್ರೀಕ್ವೆನ್ಸಿಯಲ್ಲಿ ತಾವು ಯಾರು, ಎಲ್ಲಿದ್ದೇವೆ, ಯಾವ ರನ್‌ವೇಗೆ ಇಳಿಯುತ್ತೇವೆ ಎಂದು ಸಾರಿಕೊಂಡು ಇಳಿಯುತ್ತಾರೆ. ಹಲವು ಕಡೆ ರನ್‌ವೇ ದೀಪವನ್ನೂ ಪೈಲಟೇ ಹೊತ್ತಿಸಬೇಕು: 5 ಸೆಕೆಂಡಿನೊಳಗೆ ಮೈಕಿನ ಗುಂಡಿಯನ್ನು 3 ಸಲ ಒತ್ತಿದರೆ ಮಂದ ಬೆಳಕು, 5 ಸಲ ಒತ್ತಿದರೆ ಮಧ್ಯಮ, 7 ಸಲ ಒತ್ತಿದರೆ ಪೂರ್ತಿ ಬೆಳಕು. ಇಲ್ಲಿ ಅನುಮತಿಯ ಪ್ರಶ್ನೆಯೇ ಬರುವುದಿಲ್ಲ.

ರೇಡಿಯೊ ಕೆಟ್ಟರೆ, ಬೆಂಕಿ ಬಿದ್ದರೆ

ಮಾತು ನಿಂತುಹೋದ ವಿಮಾನ ತನ್ನ ಟ್ರಾನ್ಸ್‌ಪಾಂಡರ್‌ಗೆ 7600 ಎಂಬ ಸಂಖ್ಯೆ ಹಾಕುತ್ತದೆ. ಅದು ರೇಡಾರ್ ಪರದೆಯ ಮೇಲೆ ಕಂಡಕೂಡಲೇ ಕಂಟ್ರೋಲರ್‌ಗೆ ವಿಷಯ ತಿಳಿಯುತ್ತದೆ. ಆಗ ಟವರ್‌ನಿಂದ ದೀಪದ ಸಂಕೇತ ಬರುತ್ತದೆ. ಆಕಾಶದಲ್ಲಿರುವ ವಿಮಾನಕ್ಕೆ ನಿಂತ ಹಸಿರು ಬೆಳಕು ತೋರಿಸಿದರೆ ಇಳಿಯಬಹುದು. ನಿಂತ ಕೆಂಪು ಕಂಡರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರಬೇಕು. ಮಿನುಗುವ ಕೆಂಪಾದರೆ ನಿಲ್ದಾಣ ಸುರಕ್ಷಿತವಲ್ಲ, ಇಳಿಯಕೂಡದು. ಇನ್ನು ಬೆಂಕಿ, ಎಂಜಿನ್ ವೈಫಲ್ಯದಂಥ ತುರ್ತಿನಲ್ಲಿ ಪ್ರಾಣ ಉಳಿಸಲು ಯಾವ ನಿಯಮವನ್ನಾದರೂ ಬದಿಗಿಡುವ ಅಧಿಕಾರ ಕ್ಯಾಪ್ಟನ್‌ಗೆ ಇದೆ.

ಪಾಳಿ ಮತ್ತು ನಿದ್ದೆ

ವಾಷಿಂಗ್ಟನ್ ಘಟನೆಯ ಬೆನ್ನಿಗೇ, 2011ರ ಏಪ್ರಿಲ್ 13ರ ನಸುಕಿನಲ್ಲಿ ನೆವಾಡಾದ ರೀನೊದಲ್ಲಿ ರೋಗಿಯನ್ನು ಕರೆತಂದ ವಿಮಾನವೊಂದು ಟವರ್ ಉತ್ತರವಿಲ್ಲದೆ ಇಳಿಯಿತು. ಅಲ್ಲೂ ಕಂಟ್ರೋಲರ್ ಒಬ್ಬರೇ, ಅಲ್ಲೂ ನಿದ್ದೆಯೇ ಕಾರಣ. ಅಮೆರಿಕದ ವಿಮಾನಯಾನ ಆಡಳಿತ ರಾತ್ರಿ ಒಬ್ಬರೇ ಇರುತ್ತಿದ್ದ 27 ಟವರ್‌ಗಳಿಗೆ ಎರಡನೆಯವರನ್ನು ಹಾಕಿತು. ಕಂಟ್ರೋಲರ್‌ಗಳ ಉಸ್ತುವಾರಿ ವಿಭಾಗದ ಮುಖ್ಯಸ್ಥ ಹ್ಯಾಂಕ್ ಕ್ರಕೋವ್‌ಸ್ಕಿ ರಾಜೀನಾಮೆ ಕೊಟ್ಟರು. ನಿದ್ದೆಹೋದವರನ್ನು ಬೈದು ಸುಮ್ಮನಾಗುವುದು ಸುಲಭ. ಸತತ ನಾಲ್ಕು ರಾತ್ರಿ ಒಬ್ಬರನ್ನೇ ಕೂರಿಸಿದ ಪಾಳಿಪಟ್ಟಿಯೇ ಇಲ್ಲಿ ದೊಡ್ಡ ತಪ್ಪು ಮಾಡಿತ್ತು.

ನಿದ್ದೆ ಕಾಕ್‌ಪಿಟ್‌ನಲ್ಲೂ ಅಷ್ಟೇ ಅಪಾಯಕಾರಿ ಎಂಬುದು ನಮ್ಮ ಮಂಗಳೂರಿಗೆ ಗೊತ್ತು. 2010ರ ಮೇ 22ರಂದು 158 ಜನ ಪ್ರಾಣ ಕಳೆದುಕೊಂಡ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನಕ್ಕೆ ಟವರ್ ಅನುಮತಿ ಸರಿಯಾಗಿಯೇ ಸಿಕ್ಕಿತ್ತು. ದಾರಿಯಲ್ಲಿ ಬಹಳ ಹೊತ್ತು ಮಲಗಿದ್ದ ಕ್ಯಾಪ್ಟನ್, ಗೋ ಅರೌಂಡ್ ಮಾಡಿ ಎಂಬ ಸಹ ಪೈಲಟ್‌ನ ಮಾತು ಕೇಳದೆ ರನ್‌ವೇಯ ಬಹುಭಾಗ ದಾಟಿದ ಮೇಲೆ ವಿಮಾನ ಇಳಿಸಿದ್ದರು.

ಕಂಟ್ರೋಲರ್‌ಗಳ ಎರಡು ಪಾಳಿಗಳ ನಡುವಿನ ಕನಿಷ್ಠ ವಿಶ್ರಾಂತಿಯನ್ನು ಅಮೆರಿಕ 2011ರಲ್ಲಿ 8 ಗಂಟೆಯಿಂದ 9ಕ್ಕೆ ಏರಿಸಿತು. ಅದನ್ನು 10 ಗಂಟೆಗೆ, ಮಧ್ಯರಾತ್ರಿ ಪಾಳಿಗೆ ಮುಂಚೆಯಾದರೆ 12 ಗಂಟೆಗೆ ಏರಿಸುವ ಪ್ರಕಟಣೆ ಬಂದದ್ದು 2024ರಲ್ಲಿ.