ಭೂಕಂಪ, ಬಂಡೆ ಕುಸಿತ ಹಾಗೂ ಗಣಿ ಸ್ಫೋಟದ ಕಂಪನ: ಬಾಗಲಕೋಟೆ ಜಿಲ್ಲೆಯ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಮನೆಯ ಗೋಡೆ ಬಿರುಕು ಬಿಟ್ಟಾಗ ಅಥವಾ ರಾತ್ರಿ ವೇಳೆ ಪಾತ್ರೆಗಳು ಅಲುಗಾಡಿದಾಗ ಅದನ್ನು ಭೂಕಂಪವೆಂದು ಭಾವಿಸಿ ಪರಿಹಾರ ಕೋರುವುದು ಸಾಮಾನ್ಯವಾಗಿದೆ. ಆದರೆ ನೆಲ ನಡುಗಲು ಮತ್ತು ಗೋಡೆ ಬಿರಿಯಲು ಕಾರಣಗಳು ಹಲವು. ಭೂಕಂಪ, ಬಂಡೆಗಳ ಕುಸಿತ, ಕಲ್ಲುಗಣಿಯ ಸ್ಫೋಟ ಹಾಗೂ ಎರೆಮಣ್ಣಿನ ಹಿಗ್ಗು-ಕುಗ್ಗು ಇವುಗಳಲ್ಲಿ ಪ್ರಮುಖವಾದವು. ಇವುಗಳಲ್ಲಿ ಯಾವುದು ಕಾರಣವೆಂಬುದರ ಮೇಲೆ ಅರ್ಜಿಯನ್ನು ಪರಿಶೀಲಿಸುವ ಕಚೇರಿ, ಅನ್ವಯಿಸುವ ನಿಯಮ ಹಾಗೂ ದೊರೆಯಬಹುದಾದ ಪರಿಹಾರ ನಿರ್ಧಾರವಾಗುತ್ತವೆ. ಕಾರಣವನ್ನು ನಿರ್ಧರಿಸಲು ವೈಜ್ಞಾನಿಕ ದಾಖಲೆಯೇ ಆಧಾರ. ಆದುದರಿಂದ ಈ ವಿಷಯದಲ್ಲಿ ನಡೆದಿರುವ ಸಂಶೋಧನೆಯ ಮುಖ್ಯಾಂಶಗಳನ್ನು ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

2. ಜಿಲ್ಲೆಯ ಭೂರಚನೆ

ಬಾಗಲಕೋಟೆ ಜಿಲ್ಲೆಯಲ್ಲಿ ಮೂರು ಬಗೆಯ ಶಿಲಾಪ್ರದೇಶಗಳಿವೆ. ಉತ್ತರ ಭಾಗದಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಗಳಿಂದ ಹರಿದುಬಂದ ಲಾವಾರಸದ ಕಪ್ಪುಶಿಲೆ, ಅಂದರೆ ದಖ್ಖನ್ ಬಸಾಲ್ಟ್, ಹರಡಿದೆ. ನಡುಭಾಗದ ಬಾಗಲಕೋಟೆ, ಕಲಾದಗಿ ಮತ್ತು ಬಾದಾಮಿ ಪರಿಸರದಲ್ಲಿ ಪುರಾತನ ಜಲಾಶ್ರಯದಲ್ಲಿ ಪದರಪದರವಾಗಿ ಕೂಡಿಕೊಂಡ ಮರಳುಶಿಲೆ, ಸುಣ್ಣಶಿಲೆ ಹಾಗೂ ಜೇಡಿಶಿಲೆಗಳಿವೆ. ಭೂವಿಜ್ಞಾನದಲ್ಲಿ ಇವುಗಳನ್ನು ಕಲಾದಗಿ ಗ್ರಾಮದ ಹೆಸರಿನಿಂದಲೇ ಕರೆಯಲಾಗುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ರಾಬರ್ಟ್ ಬ್ರೂಸ್ ಫೂಟ್ ಅವರು 1876ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಸೀಮೆಯ ಶಿಲೆಗಳನ್ನು ವಿವರವಾಗಿ ದಾಖಲಿಸಿದ್ದಾರೆ. ಆಗ್ನೇಯ ಭಾಗದ ಹುನಗುಂದ ಮತ್ತು ಇಳಕಲ್ ಪ್ರದೇಶದಲ್ಲಿ ಇವೆರಡಕ್ಕಿಂತಲೂ ಪ್ರಾಚೀನವಾದ ಗ್ರಾನೈಟ್ ಶಿಲೆಯಿದ್ದು, ಇಳಕಲ್‌ನ ಕೆಂಪು ಗ್ರಾನೈಟ್ ಹೊರದೇಶಗಳಲ್ಲಿಯೂ ಹೆಸರು ಪಡೆದಿದೆ.

ಈ ಶಿಲೆಗಳೆಲ್ಲವೂ ಗಟ್ಟಿಯಾದವು. ಆದರೂ ಜಿಲ್ಲೆಗೆ ಅಪಾಯವಿಲ್ಲವೆಂದು ಹೇಳುವಂತಿಲ್ಲ. ಶಿಲೆಯಲ್ಲಿರುವ ಸೀಳುಗಳು, ಅದರ ಮೇಲಿನ ಮಣ್ಣು ಹಾಗೂ ಅದರ ಮೇಲೆ ಕಟ್ಟಿದ ಮನೆಯ ಗುಣಮಟ್ಟ ಇವುಗಳಿಂದಲೇ ಹೆಚ್ಚಿನ ಹಾನಿ ಸಂಭವಿಸುತ್ತದೆ.

3. ಭೂಕಂಪ

ದಕ್ಷಿಣ ಪ್ರಸ್ಥಭೂಮಿಯು ಭೂಕಂಪಕ್ಕೆ ಹೊರತಾದುದೆಂಬ ಹಳೆಯ ನಂಬಿಕೆಯನ್ನು ಎರಡು ಘಟನೆಗಳು ಬದಲಾಯಿಸಿದವು. 1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದ ಕೊಯ್ನಾದಲ್ಲಿ 6ಕ್ಕಿಂತ ಹೆಚ್ಚಿನ ಪ್ರಮಾಣದ ಭೂಕಂಪ ಸಂಭವಿಸಿತು. ಜಲಾಶಯದಲ್ಲಿ ನೀರು ತುಂಬುವುದಕ್ಕೂ ಭೂಕಂಪಕ್ಕೂ ಇರುವ ಸಂಬಂಧದ ಅಧ್ಯಯನಕ್ಕೆ ಇದು ಜಗತ್ತಿನಲ್ಲಿಯೇ ಪ್ರಮುಖ ಉದಾಹರಣೆಯಾಗಿದೆ. ಈ ಅಧ್ಯಯನಕ್ಕಾಗಿ ಕೊಯ್ನಾ ಪ್ರದೇಶದಲ್ಲಿ ಸುಮಾರು 3 ಕಿ.ಮೀ. ಆಳದ ಪ್ರಾಯೋಗಿಕ ಕೊಳವೆಬಾವಿಯನ್ನು ಕೊರೆಯಲಾಯಿತು. ಎರಡನೆಯದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಸಂಭವಿಸಿದ ಸುಮಾರು 6.2 ಪ್ರಮಾಣದ ಭೂಕಂಪ. ಕಿಲ್ಲಾರಿ ಪ್ರದೇಶವು ಅಂದಿನ ನಕ್ಷೆಯಲ್ಲಿ ಅತ್ಯಂತ ಕಡಿಮೆ ಅಪಾಯದ ಮೊದಲನೆಯ ವಲಯದಲ್ಲಿತ್ತು. ಆದರೂ ಸಾವಿರಾರು ಜನರು ಮೃತಪಟ್ಟರು.

ಕಿಲ್ಲಾರಿಯಲ್ಲಿ ಇಷ್ಟು ಸಾವುಗಳಾಗಲು ಕೇವಲ ಭೂಕಂಪದ ಪ್ರಮಾಣ ಕಾರಣವಾಗಿರಲಿಲ್ಲ. ಕಂಪನವು ಭೂಮಿಯ ಮೇಲ್ಮೈಗೆ ಸಮೀಪದಲ್ಲಿ ಹುಟ್ಟಿತ್ತು; ಜನರು ನಿದ್ರೆಯಲ್ಲಿದ್ದರು; ಮನೆಗಳು ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಯವಾಗಿದ್ದು, ಮೇಲೆ ಭಾರವಾದ ಮಣ್ಣಿನ ಮಾಳಿಗೆ ಇತ್ತು. ಇಂತಹ ಗೋಡೆಯ ಒಳಮುಖ ಮತ್ತು ಹೊರಮುಖಗಳಿಗೆ ಪರಸ್ಪರ ಬಂಧವಿರುವುದಿಲ್ಲ. ಕಂಪನವಾದಾಗ ಎರಡೂ ಮುಖಗಳು ಬೇರ್ಪಟ್ಟು ಮಾಳಿಗೆ ಕೆಳಗೆ ಬೀಳುತ್ತದೆ. ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿಯೂ ಇದೇ ಬಗೆಯ ಮನೆಗಳು ಇಂದಿಗೂ ಇರುವುದರಿಂದ ಈ ಅಂಶವು ವಿಶೇಷ ಗಮನಕ್ಕೆ ಅರ್ಹವಾಗಿದೆ.

ಕಿಲ್ಲಾರಿ ಘಟನೆಯ ನಂತರ ಭಾರತೀಯ ಮಾನಕ ಸಂಸ್ಥೆಯು ಐ.ಎಸ್. 1893 ಮಾನಕವನ್ನು 2002ರಲ್ಲಿ ಪರಿಷ್ಕರಿಸಿ, ಮೊದಲನೆಯ ವಲಯವನ್ನು ರದ್ದುಪಡಿಸಿತು. ಸದರಿ ಆವೃತ್ತಿಯಲ್ಲಿ ನೆರೆಯ ವಿಜಯಪುರ, ಬೆಳಗಾವಿ ಮತ್ತು ಧಾರವಾಡ ನಗರಗಳನ್ನು ಮೂರನೆಯ ವಲಯದಲ್ಲಿಯೂ ಬೆಂಗಳೂರನ್ನು ಎರಡನೆಯ ವಲಯದಲ್ಲಿಯೂ ಸೇರಿಸಲಾಯಿತು. ಮಾನಕವು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ, ಹೊಸದಾಗಿ ಮನೆ ಕಟ್ಟುವವರು ಜಾರಿಯಲ್ಲಿರುವ ಆವೃತ್ತಿಯನ್ನು ಎಂಜಿನಿಯರರ ಮೂಲಕ ಖಚಿತಪಡಿಸಿಕೊಳ್ಳತಕ್ಕದ್ದು.

2021 ಮತ್ತು 2022ರಲ್ಲಿ ವಿಜಯಪುರ ಜಿಲ್ಲೆಯ ಹಲವು ಕಡೆ ಲಘು ಕಂಪನಗಳು ಅನುಭವಕ್ಕೆ ಬಂದವು. ಇಂತಹ ಕಂಪನಗಳ ಸ್ಥಳ, ಸಮಯ, ಆಳ ಮತ್ತು ಪ್ರಮಾಣವನ್ನು ದೆಹಲಿಯ ರಾಷ್ಟ್ರೀಯ ಭೂಕಂಪನ ಕೇಂದ್ರ ಹಾಗೂ ಬೆಂಗಳೂರಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಗಳು ದಾಖಲಿಸುತ್ತವೆ. ಆಲಮಟ್ಟಿ ಸೇರಿದಂತೆ ರಾಜ್ಯದ ಪ್ರಮುಖ ಜಲಾಶಯಗಳ ಬಳಿ ಭೂಕಂಪ ಮಾಪಕಗಳನ್ನು ಅಳವಡಿಸಲಾಗಿದೆ. ಭೂಕಂಪ ಸಂಭವಿಸುವ ದಿನ ಮತ್ತು ವೇಳೆಯನ್ನು ಮುಂಚಿತವಾಗಿ ಹೇಳುವ ವಿಧಾನ ಜಗತ್ತಿನ ಯಾವ ದೇಶದಲ್ಲಿಯೂ ಇಲ್ಲವಾದುದರಿಂದ, ಅಂತಹ ವದಂತಿಗಳಿಗೆ ಕಿವಿಗೊಡಬಾರದಾಗಿ ಕೋರಲಾಗಿದೆ.

4. ಭೂಕುಸಿತ ಮತ್ತು ಬಾದಾಮಿಯ ಬಂಡೆಗಳು

ಕರ್ನಾಟಕದಲ್ಲಿ ಭೂಕುಸಿತವೆಂದರೆ ಸಾಮಾನ್ಯವಾಗಿ ಪಶ್ಚಿಮ ಘಟ್ಟದ ಜಿಲ್ಲೆಗಳು ನೆನಪಿಗೆ ಬರುತ್ತವೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಹಾಗೂ 2024ರ ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಇವೆಲ್ಲವೂ ಧಾರಾಕಾರ ಮಳೆಯ ವೇಳೆ ಸಂಭವಿಸಿದವು. ಗುಡ್ಡದ ಬುಡವನ್ನು ಕಡಿದು ರಸ್ತೆ ಅಥವಾ ನಿವೇಶನ ಮಾಡಿದಾಗ ಮಣ್ಣಿಗೆ ಆಸರೆ ತಪ್ಪಿ ಕುಸಿತದ ಸಾಧ್ಯತೆ ಹೆಚ್ಚುತ್ತದೆಂಬುದು ಈ ಬಗೆಯ ಘಟನೆಗಳ ಅಧ್ಯಯನದಿಂದ ತಿಳಿದುಬಂದಿದೆ. ಭೂಕುಸಿತ ಸಂಶೋಧನೆಗೆ ದೇಶದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯವು ನೋಡಲ್ ಸಂಸ್ಥೆಯಾಗಿದೆ.

ಬಾದಾಮಿಯ ಸ್ಥಿತಿ ಇದಕ್ಕಿಂತ ಭಿನ್ನವಾಗಿದೆ. ಇಲ್ಲಿ ಜಾರುವ ಮಣ್ಣಿನ ರಾಶಿಯಿಲ್ಲ. ಕಡಿದಾದ ಮರಳುಶಿಲೆಯ ಗೋಡೆಯಿದೆ. ಈ ಶಿಲೆಯ ಪದರಗಳು ಬಹುಮಟ್ಟಿಗೆ ಸಮತಟ್ಟಾಗಿದ್ದು, ಅವುಗಳನ್ನು ಮೇಲಿನಿಂದ ಕೆಳಕ್ಕೆ ಸೀಳುಗಳು ಕತ್ತರಿಸಿವೆ. ಆದುದರಿಂದ ಬೆಟ್ಟವು ದೊಡ್ಡ ದೊಡ್ಡ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುತ್ತದೆ. ಮೆದುವಾದ ಪದರವು ಬೇಗ ಸವೆದಾಗ ಅದರ ಮೇಲಿನ ಗಟ್ಟಿ ಬಂಡೆಯು ಆಸರೆಯಿಲ್ಲದೆ ಹೊರಚಾಚಿ ನಿಲ್ಲುತ್ತದೆ. ಸೀಳಿನೊಳಗೆ ಮಳೆನೀರು ತುಂಬಿದಾಗ ಅದರ ಒತ್ತಡ, ಬೇರೂರಿದ ಗಿಡಗಳು, ಹಗಲಿನ ಕಾವು ಹಾಗೂ ರಾತ್ರಿಯ ತಂಪು ಇವೆಲ್ಲವೂ ಸೀಳನ್ನು ಅಗಲಿಸುತ್ತವೆ. ಅಂತಿಮವಾಗಿ ಬಂಡೆಯು ಒಮ್ಮೆಲೇ ಕಳಚಿ ಬೀಳುತ್ತದೆ. ಶಾಸ್ತ್ರೀಯ ವರ್ಗೀಕರಣದಲ್ಲಿ ಇದನ್ನೂ ಭೂಕುಸಿತದ ಒಂದು ಪ್ರಕಾರವೆಂದೇ ಪರಿಗಣಿಸಲಾಗುತ್ತದೆ.

ಅಗಸ್ತ್ಯ ತೀರ್ಥದ ಸುತ್ತಮುತ್ತ ಹಾಗೂ ಬೆಟ್ಟದ ಬುಡಕ್ಕೆ ಹೊಂದಿಕೊಂಡು ವಾಸಿಸುವವರು ಮಳೆಗಾಲದಲ್ಲಿ ಈ ಲಕ್ಷಣಗಳನ್ನು ಗಮನಿಸತಕ್ಕದ್ದು: ಹೊಸದಾಗಿ ಕಾಣಿಸಿಕೊಂಡ ಅಥವಾ ಅಗಲವಾದ ಸೀಳು, ಚಿಕ್ಕ ಕಲ್ಲುಗಳು ಪದೇಪದೇ ಉದುರುವುದು, ಹಿಂದೆ ಇಲ್ಲದ ಕಡೆ ನೀರು ಒಸರುವುದು. ಇವು ಕಂಡುಬಂದಲ್ಲಿ ಕೂಡಲೇ ಆ ಸ್ಥಳದಿಂದ ದೂರ ಸರಿದು ತಹಶೀಲ್ದಾರರ ಕಚೇರಿಗೆ ತಿಳಿಸುವುದು. ಬಂಡೆಯನ್ನು ಸ್ವತಃ ಒಡೆಯಲು ಅಥವಾ ಉರುಳಿಸಲು ಯಾವ ಕಾರಣಕ್ಕೂ ಪ್ರಯತ್ನಿಸಬಾರದು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗಿನ ಪ್ರದೇಶವು ನಿಷೇಧಿತವೂ ಅದರಾಚೆಗಿನ 200 ಮೀಟರ್ ನಿಯಂತ್ರಿತವೂ ಆಗಿರುವುದರಿಂದ, ದುರಸ್ತಿ ಕಾಮಗಾರಿಗೂ ಸಕ್ಷಮ ಪ್ರಾಧಿಕಾರದ ಅನುಮತಿ ಅವಶ್ಯ.

5. ಕಲ್ಲುಗಣಿ ಸ್ಫೋಟದ ಕಂಪನ

ಇಳಕಲ್ ಮತ್ತು ಹುನಗುಂದ ಭಾಗದಂತೆ ಕಲ್ಲುಗಣಿಗಳಿರುವ ಪ್ರದೇಶದಲ್ಲಿ ನೆಲ ನಡುಗಿದರೆ ಅದು ಭೂಕಂಪವೋ ಸ್ಫೋಟವೋ ಎಂಬ ಸಂಶಯ ಸಹಜ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಸುತ್ತಲಿನ ಜನರು ಭೂಕಂಪವಾಯಿತೆಂದು ಮನೆಯಿಂದ ಹೊರಬಂದರು. ಹುಣಸೋಡು ಬಳಿ ಸ್ಫೋಟಕಗಳಿದ್ದ ವಾಹನ ಸಿಡಿದುದೇ ಕಾರಣವೆಂದು ನಂತರ ತಿಳಿದುಬಂದಿತು. ಭೂಕಂಪವು ಹಲವು ಕಿ.ಮೀ. ಆಳದಲ್ಲಿ ಶಿಲೆಗಳು ಒಂದಕ್ಕೊಂದು ಸರಿಯುವುದರಿಂದ ಹುಟ್ಟುತ್ತದೆ. ಸ್ಫೋಟವು ನೆಲದ ಮೇಲ್ಭಾಗದಲ್ಲಿಯೇ ಸಂಭವಿಸಿ ಎಲ್ಲ ದಿಕ್ಕಿಗೂ ಹೊರಮುಖವಾಗಿ ತಳ್ಳುತ್ತದೆ. ಮಾಪಕಗಳಲ್ಲಿ ಈ ಎರಡರ ಗುರುತುಗಳು ಬೇರೆಯಾಗಿರುವುದರಿಂದ ತಜ್ಞರು ಅವುಗಳನ್ನು ಪ್ರತ್ಯೇಕಿಸಬಲ್ಲರು.

ಸ್ಫೋಟದಿಂದ ನೆಲ ಎಷ್ಟು ವೇಗವಾಗಿ ಅಲುಗಬಹುದೆಂಬುದಕ್ಕೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು 1997ರ 7ನೇ ತಾಂತ್ರಿಕ ಸುತ್ತೋಲೆಯಲ್ಲಿ ಮಿತಿಯನ್ನು ನಿಗದಿಪಡಿಸಿದೆ. ಗಣಿ ಮಾಲೀಕರಿಗೆ ಸೇರದ ವಾಸದ ಮನೆಗಳಿಗೆ ಈ ಮಿತಿಯು ಕಂಪನದ ಆವರ್ತನಕ್ಕೆ ಅನುಗುಣವಾಗಿ ಪ್ರತಿ ಸೆಕೆಂಡಿಗೆ 5, 10 ಮತ್ತು 15 ಮಿ.ಮೀ. ಆಗಿದ್ದು, ಐತಿಹಾಸಿಕ ಹಾಗೂ ಸೂಕ್ಷ್ಮ ಕಟ್ಟಡಗಳಿಗೆ 2, 5 ಮತ್ತು 10 ಮಿ.ಮೀ. ಆಗಿದೆ. ಆವರ್ತನ 8 ಹರ್ಟ್ಜ್‌ಗಿಂತ ಕಡಿಮೆಯಿದ್ದಲ್ಲಿ ಮೊದಲನೆಯ ಮಿತಿ, 8ರಿಂದ 25 ಹರ್ಟ್ಜ್‌ವರೆಗೆ ಎರಡನೆಯದು, ಅದಕ್ಕಿಂತ ಹೆಚ್ಚಿದ್ದಲ್ಲಿ ಮೂರನೆಯದು ಅನ್ವಯವಾಗುತ್ತದೆ. ಆದುದರಿಂದ ದೂರಿನ ಪರಿಶೀಲನೆಯಲ್ಲಿ ಶಬ್ದದ ಜೋರಿಗಿಂತ ಉಪಕರಣದಿಂದ ಅಳೆದ ಅಂಕಿ ಮುಖ್ಯವಾಗುತ್ತದೆ.

6. ಎರೆಭೂಮಿಯ ಬಿರುಕು

ಕಂಪನವೇ ಇಲ್ಲದೆ ಗೋಡೆ ಬಿರಿಯುವುದೂ ಉಂಟು. ಎರೆಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಇದರಿಂದ ತಳಪಾಯವು ವರ್ಷವರ್ಷವೂ ಏರಿಳಿದು, ಬಾಗಿಲು ಹಾಗೂ ಕಿಟಕಿಗಳ ಮೂಲೆಯಿಂದ ಓರೆಯಾದ ಬಿರುಕುಗಳು ಮೂಡುತ್ತವೆ. ಋತುವಿಗೆ ತಕ್ಕಂತೆ ಅಗಲವಾಗಿ ಮತ್ತೆ ಕಿರಿದಾಗುವ ಬಿರುಕು ಸಾಮಾನ್ಯವಾಗಿ ಈ ಕಾರಣದ್ದಾಗಿರುತ್ತದೆ. ಇಂತಹ ಮಣ್ಣಿಗಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಕೆಳತುದಿಯಲ್ಲಿ ಉಬ್ಬಿರುವ ಕಂಬದ ತಳಪಾಯವನ್ನು ರೂಪಿಸಿದೆ.

7. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಅ) ಕಂಪನದ ಅನುಭವವಾದ ದಿನಾಂಕ ಮತ್ತು ವೇಳೆಯನ್ನು ಗಂಟೆ, ನಿಮಿಷ ಸಹಿತ ಆಗಿಂದಾಗಲೇ ಬರೆದಿಟ್ಟುಕೊಳ್ಳತಕ್ಕದ್ದು. ಮಾಪಕದ ದಾಖಲೆಯೊಂದಿಗೆ ತಾಳೆ ನೋಡಲು ಇದು ಅತ್ಯಗತ್ಯ. "ಇತ್ತೀಚೆಗೆ ಒಂದು ದಿನ" ಎಂದಷ್ಟೇ ಬರೆದ ಅರ್ಜಿಯಲ್ಲಿ ಕಾರಣವನ್ನು ಪತ್ತೆಹಚ್ಚುವುದು ಕಷ್ಟಸಾಧ್ಯ.

ಆ) ಬಿರುಕಿನ ಛಾಯಾಚಿತ್ರವನ್ನು ಪಕ್ಕದಲ್ಲಿ ಅಳತೆಪಟ್ಟಿ ಇರಿಸಿ ತೆಗೆಯುವುದು. ದುರಸ್ತಿ ಮಾಡಿಸುವ ಮುನ್ನ ಸ್ಥಳ ಪರಿಶೀಲನೆಗೆ ಅವಕಾಶ ಮಾಡಿಕೊಡುವುದು. ಮನೆ ಅಪಾಯದ ಸ್ಥಿತಿಯಲ್ಲಿದ್ದಲ್ಲಿ ಮೊದಲು ಹೊರಬರುವುದು. ಪರಿಹಾರದ ಕಾರಣಕ್ಕಾಗಿ ಒಳಗೆ ಉಳಿಯಬಾರದು.

ಇ) ಭೂಕಂಪ ಮತ್ತು ಭೂಕುಸಿತಗಳು ರಾಜ್ಯ ವಿಪತ್ತು ಸ್ಪಂದನಾ ನಿಧಿಯ ನೆರವಿಗೆ ಅಧಿಸೂಚಿತವಾದ ನೈಸರ್ಗಿಕ ವಿಪತ್ತುಗಳಾಗಿವೆ. ಇವುಗಳಿಂದ ಮನೆ ಹಾನಿಯಾದಲ್ಲಿ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸತಕ್ಕದ್ದು.

ಈ) ಕಲ್ಲುಗಣಿಯ ಸ್ಫೋಟವು ಸದರಿ ಪಟ್ಟಿಯಲ್ಲಿಲ್ಲ. ಇದರ ಬಗೆಗಿನ ದೂರನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಲಿಖಿತವಾಗಿ ಸಲ್ಲಿಸಿ, ಸ್ಫೋಟದ ವೇಳೆ, ಗಣಿಯಿಂದ ಮನೆಗಿರುವ ದೂರ ಹಾಗೂ ಎಷ್ಟು ಬಾರಿ ಕಂಪನವಾಯಿತೆಂಬುದನ್ನು ನಮೂದಿಸುವುದು. ಸ್ಫೋಟವನ್ನು ಭೂಕಂಪವೆಂದು ನಮೂದಿಸಿದ ಅರ್ಜಿಯು ತಿರಸ್ಕೃತವಾಗಬಹುದಲ್ಲದೆ, ನಿಜವಾದ ಕಾರಣದ ತನಿಖೆಯೂ ವಿಳಂಬವಾಗುತ್ತದೆ.

ಉ) ಕಲ್ಲು ಮತ್ತು ಮಣ್ಣಿನ ಮನೆ ಕಟ್ಟುವವರು ಐ.ಎಸ್. 13828 ಮಾನಕದ ಸಲಹೆಗಳನ್ನು ಅನುಸರಿಸುವುದು ಸೂಕ್ತ. ಗೋಡೆಯ ಎರಡೂ ಮುಖಗಳನ್ನು ಹಿಡಿದಿಡುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಕೂರಿಸುವುದು, ಬಾಗಿಲು-ಕಿಟಕಿಗಳ ಮೇಲಿನ ಮಟ್ಟದಲ್ಲಿ ಮನೆಯ ಸುತ್ತ ಒಂದೇ ಪಟ್ಟಿ ಹಾಯಿಸುವುದು ಹಾಗೂ ಮಾಳಿಗೆಯ ಮೇಲೆ ಪ್ರತಿ ವರ್ಷ ಹೊಸ ಮಣ್ಣು ಪೇರಿಸಿ ಭಾರ ಹೆಚ್ಚಿಸದಿರುವುದು ಕಡಿಮೆ ಖರ್ಚಿನಲ್ಲಿ ಸಾಧ್ಯವಾಗುವ ಕ್ರಮಗಳು. ಕಿಲ್ಲಾರಿಯಲ್ಲಿ ಕುಸಿದ ಮನೆಗಳಲ್ಲಿ ಕೊರತೆಯಿದ್ದುದು ಇಂತಹ ಬಂಧವೇ ಆಗಿತ್ತು.

ಊ) ತುರ್ತು ಸಂದರ್ಭದಲ್ಲಿ ಜಿಲ್ಲಾ ವಿಪತ್ತು ಸಹಾಯವಾಣಿ 1077 ಅಥವಾ ತುರ್ತು ಸೇವೆ 112ನ್ನು ಸಂಪರ್ಕಿಸಬಹುದು.

ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಗಮನಿಸಿ, ಸರಿಯಾದ ಕಾರಣ ಮತ್ತು ನಿಖರವಾದ ವೇಳೆಯೊಂದಿಗೆ ಅರ್ಜಿ ಸಲ್ಲಿಸಿ ಸಹಕರಿಸಬೇಕಾಗಿ ಕೋರಲಾಗಿದೆ.