ಮನೆಬಾಗಿಲಿಗೆ ಬಂದ ಕಾದಂಬರಿ

ಕನ್ನಡ ನಾಡಿನಲ್ಲಿ ಸಂತೋಷಕ್ಕಾಗಿ ಓದುವ ರೂಢಿ ಅಚ್ಚಿನ ಪುಸ್ತಕದಿಂದ ಶುರುವಾದದ್ದಲ್ಲ. ಕುಮಾರವ್ಯಾಸನ ಭಾರತ, ತೊರವೆ ರಾಮಾಯಣ, ಲಕ್ಷ್ಮೀಶನ ಜೈಮಿನಿ ಭಾರತಗಳನ್ನು ಊರ ದೇವಸ್ಥಾನದಲ್ಲೋ ದೊಡ್ಡಮನೆಯ ಜಗಲಿಯಲ್ಲೋ ಒಬ್ಬರು ರಾಗವಾಗಿ ವಾಚಿಸುತ್ತಿದ್ದರು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಿದ್ದರು. ಅಕ್ಷರ ಬಾರದವರಿಗೂ ಷಟ್ಪದಿಗಳು ಬಾಯಿಗೆ ಬರುತ್ತಿದ್ದವು. ಒಬ್ಬರ ಕೈಯ ಪುಸ್ತಕ ಹತ್ತಾರು ಮಂದಿಗೆ ಒದಗುವ ಈ ಪದ್ಧತಿ ಗದ್ಯದ ಕಾಲ ಬಂದ ಮೇಲೂ ಬೇರೆ ಬೇರೆ ರೂಪದಲ್ಲಿ ಮುಂದುವರಿಯಿತು. ಕನ್ನಡದ ಓದುಗ ವರ್ಗ ಬೆಳೆದದ್ದು ಪುಸ್ತಕ ಕೊಳ್ಳುವುದರಿಂದ ಎನ್ನುವುದಕ್ಕಿಂತ ಹಂಚಿಕೊಳ್ಳುವುದರಿಂದ ಎಂದರೆ ತಪ್ಪಾಗದು.

ಒಬ್ಬರೇ ಕೂತು ಮನಸ್ಸಿನಲ್ಲೇ ಓದಿಕೊಳ್ಳುವ ಕಥೆಯ ರುಚಿ ಹತ್ತಿಸಿದವರಲ್ಲಿ ಬಿ. ವೆಂಕಟಾಚಾರ್ಯರು (1845–1914) ಮೊದಲಿಗರು. ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯಲ್ಲಿದ್ದ ಅವರು ಬಂಗಾಳಿ ಕಲಿತು, ಬಂಕಿಮಚಂದ್ರರ ಕಾದಂಬರಿಗಳನ್ನು ಒಂದಾದ ಮೇಲೊಂದರಂತೆ ಕನ್ನಡಕ್ಕೆ ತಂದರು. ಅವರ ‘ದುರ್ಗೇಶನಂದಿನಿ’ 1885ರಲ್ಲಿ ಬಂತು. ಕರಾವಳಿಯಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಿತ್ತು. ವಿಧವೆಯೊಬ್ಬಳು ಓದಿ, ಮರುಮದುವೆಯಾಗುವ ಕಥೆ ಅದು.

ಉತ್ತರ ಕರ್ನಾಟಕದಲ್ಲಿ ಮರಾಠಿಯ ಪ್ರಭಾವ ದಟ್ಟವಾಗಿದ್ದ ಹೊತ್ತಿನಲ್ಲಿ ಕನ್ನಡಕ್ಕೆ ಓದುಗರನ್ನು ಒದಗಿಸಿದವರು ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿ (1869–1942). ಹಾವೇರಿ ಸೀಮೆಯ ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯಲ್ಲಿ ಅವರ ಕಾದಂಬರಿಗಳು ಕಂತುಕಂತಾಗಿ ಬಂದವು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಥೆಗಳನ್ನು ಕನ್ನಡಿಗರು ಓದಿದ್ದು ಗಳಗನಾಥರ ಗದ್ಯದಲ್ಲಿ. ಪುಸ್ತಕದ ಗಂಟು ಹೊತ್ತು ಊರೂರು ನಡೆದು ತಮ್ಮ ಪುಸ್ತಕಗಳನ್ನು ತಾವೇ ಮಾರಿದ ಲೇಖಕರೆಂದೂ ಆ ಸೀಮೆ ಅವರನ್ನು ನೆನೆಯುತ್ತದೆ. ಅಂಗಡಿಯೇ ಇಲ್ಲದ ಊರಿಗೆ ಪುಸ್ತಕ ತಲುಪಲು ಅಂದಿಗೆ ಬೇರೆ ದಾರಿ ಇರಲಿಲ್ಲ. ಅವರ ಆ ಶ್ರಮಕ್ಕೆ ಸಾಹಿತ್ಯ ಚರಿತ್ರೆಗಳು ಇನ್ನೂ ಹೆಚ್ಚಿನ ಜಾಗ ಕೊಡಬೇಕಿತ್ತು.

1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆ ಇನ್ನೊಂದು ಉಪಾಯ ಹೂಡಿತು. ಓದುಗರು ಮುಂಗಡ ಚಂದಾ ಕೊಟ್ಟು ಸದಸ್ಯರಾಗಬೇಕು. ಮಾಲೆಯ ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುತ್ತವೆ. ಇದರಿಂದ ಪ್ರಕಾಶಕರಿಗೆ ಕಾಗದದ ಖರ್ಚು ಹುಟ್ಟುತ್ತಿತ್ತು, ಹಳ್ಳಿಯ ಶಾಲಾ ಮಾಸ್ತರರಿಗೆ ಹೊಸ ಸಾಹಿತ್ಯ ಸಿಗುತ್ತಿತ್ತು. ಸುಭಾಸ ರಸ್ತೆಯಲ್ಲಿನ ಅದರ ‘ಅಟ್ಟ’ದಿಂದಲೇ ಗಿರೀಶ ಕಾರ್ನಾಡರ ‘ಯಯಾತಿ’, ಅನಂತಮೂರ್ತಿಯವರ ‘ಸಂಸ್ಕಾರ’ ಹೊರಬಂದವು.

ಕಾದಂಬರಿ ನಿಜಕ್ಕೂ ಜನಸಾಮಾನ್ಯರ ಚಟವಾದದ್ದು 1940ರ ದಶಕದ ನಂತರ. ಅ. ನ. ಕೃಷ್ಣರಾಯರು (1908–1971) ನೂರಕ್ಕೂ ಮೀರಿ ಕಾದಂಬರಿ ಬರೆದು, ಬರವಣಿಗೆಯಿಂದಲೇ ಬದುಕಬಹುದೆಂದು ತೋರಿಸಿದರು. ವೇಶ್ಯಾಜೀವನ ಕುರಿತ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಅಶ್ಲೀಲವೆಂದು ಗದ್ದಲವಾದಾಗ ಅವರು ಹಿಂಜರಿಯದೆ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ತ. ರಾ. ಸುಬ್ಬರಾಯರು ಚಿತ್ರದುರ್ಗದ ಪಾಳೆಯಗಾರರನ್ನು ಮನೆಮಾತಾಗಿಸಿದರು. ಪತ್ತೇದಾರಿಯದೇ ಒಂದು ಲೋಕವಿತ್ತು: ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗಾಗಿ ಹುಡುಗರು ಸರದಿ ಹಿಡಿಯುತ್ತಿದ್ದರು. ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳಿಂದ ಹೆಸರಾಗಿದ್ದವರೇ. ತೆಳುವಾದ, ಅಗ್ಗದ ಕಾಗದದ ಈ ಪುಸ್ತಕಗಳು ಎಷ್ಟೋ ಮಂದಿಗೆ ಪಠ್ಯದಾಚೆ ಓದಿದ ಮೊದಲ ಕನ್ನಡ ಪುಸ್ತಕಗಳಾಗಿದ್ದವು.

ಆ ಕಾಲದ ಓದಿಗೆ ವಾರದ ಲಯ ಕೊಟ್ಟದ್ದು ಪತ್ರಿಕೆಗಳು. ‘ಪ್ರಜಾಮತ’ ಆಗಲೇ ಇತ್ತು. ಹುಬ್ಬಳ್ಳಿಯಿಂದ ಮಾಸಿಕ ‘ಕಸ್ತೂರಿ’ 1956ರಿಂದ ಬರುತ್ತಿತ್ತು. 1965ರ ಜನವರಿಯಲ್ಲಿ ‘ಸುಧಾ’ ಶುರುವಾಯಿತು, 1983ರಲ್ಲಿ ಮಣಿಪಾಲದಿಂದ ‘ತರಂಗ’ ಬಂತು. ಪತ್ರಿಕೆ ಮನೆಗೆ ಬಂದ ದಿನ ಧಾರಾವಾಹಿಯ ಪುಟ ಮೊದಲು ಯಾರ ಕೈಗೆ ಎಂಬುದಕ್ಕೆ ಜಗಳವಾಗುತ್ತಿತ್ತು. ಧಾರಾವಾಹಿ ಮುಗಿದ ಮೇಲೆ ಗೃಹಿಣಿಯರು ಆ ಪುಟಗಳನ್ನಷ್ಟೇ ಬಿಡಿಸಿ, ಕಂತಿನ ಕ್ರಮದಲ್ಲಿ ಜೋಡಿಸಿ, ದಬ್ಬಣದಿಂದ ತೂತು ಮಾಡಿ ದಪ್ಪ ದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿಟ್ಟುಕೊಳ್ಳುತ್ತಿದ್ದರು. ಕಥೆಯ ಪಕ್ಕದ ಅಂಕಣದಲ್ಲಿ ಸೋಪಿನ ಜಾಹೀರಾತು, ಹಿಂಬದಿಯಲ್ಲಿ ಅರ್ಧ ಕತ್ತರಿಸಿದ ವಾರಭವಿಷ್ಯ ಇರುವ ಇಂಥ ಹೊಲಿದ ಪುಸ್ತಕಗಳು ಅಕ್ಕತಂಗಿಯರ ಮನೆಗಳಿಗೆ, ತವರಿನಿಂದ ಗಂಡನ ಮನೆಗೆ ಓಡಾಡಿದವು.

ಅವುಗಳ ಜೊತೆಗೆ ಬಾಡಿಗೆ ಪುಸ್ತಕದ ಅಂಗಡಿಗಳು, ಜನರ ಬಾಯಲ್ಲಿ ‘ಸರ್ಕ್ಯುಲೇಟಿಂಗ್ ಲೈಬ್ರರಿ’. ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ, ಸಣ್ಣಪುಟ್ಟ ಪೇಟೆಗಳಲ್ಲಿ ಹತ್ತಡಿ ಜಾಗದಲ್ಲಿ ನಡೆಯುತ್ತಿದ್ದ ಅಂಗಡಿ ಅದು. ಒಂದಿಷ್ಟು ಠೇವಣಿ ಇಟ್ಟರೆ ದಿನಕ್ಕಿಷ್ಟು ಪೈಸೆಯಂತೆ ಪುಸ್ತಕ ಒಯ್ಯಬಹುದಿತ್ತು. ಹೊಸ ಕಾದಂಬರಿ ಬಂದ ಕೂಡಲೇ ಅಂಗಡಿಯವರು ಅದರ ರಕ್ಷಾಪುಟ ತೆಗೆದು ಗಟ್ಟಿ ಬೈಂಡು ಹಾಕಿಸಿ, ಬೆನ್ನಿನ ಮೇಲೆ ನಂಬರು ಬರೆಯುತ್ತಿದ್ದರು. ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ಕೆಲವರು ಗೊತ್ತಾದ ಒಂದು ಪುಟದ ಮೂಲೆಯಲ್ಲಿ ಪೆನ್ಸಿಲ್ ಗುರುತು ಹಾಕುತ್ತಿದ್ದರು. ಹೊರಗೆ ಹೋಗಲಾಗದ ಹೆಂಗಸರು ಮಕ್ಕಳ ಕೈಯಲ್ಲಿ ಚೀಟಿ ಕಳಿಸುತ್ತಿದ್ದರು. ಚೀಟಿಯಲ್ಲಿ ಲೇಖಕಿಯ ಹೆಸರೊಂದಿದ್ದರೆ ಸಾಕಾಗುತ್ತಿತ್ತು.

ಆ ಹೆಸರುಗಳಲ್ಲಿ ತ್ರಿವೇಣಿಯವರದು ಬಹು ದೊಡ್ಡದು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಅವರು ‘ಬೆಕ್ಕಿನ ಕಣ್ಣು’, ‘ಶರಪಂಜರ’ದಂಥ ಕೃತಿಗಳಲ್ಲಿ ಹೆಣ್ಣಿನ ಮನೋವ್ಯಾಧಿಯನ್ನು ದೆವ್ವ, ಶಾಪಗಳ ಮಾತಿನಿಂದ ಬಿಡಿಸಿ ಕಾಯಿಲೆಯೆಂದೇ ತೋರಿಸಿದರು. ಎಂ. ಕೆ. ಇಂದಿರಾ ನಲವತ್ತು ದಾಟಿದ ಮೇಲೆ ಬರೆಯತೊಡಗಿದವರು. ‘ತುಂಗಭದ್ರಾ’ 1963ರದು, ‘ಫಣಿಯಮ್ಮ’ 1976ರದು. ವಾಣಿ, ಅನುಪಮಾ ನಿರಂಜನ, ಸಾಯಿಸುತೆ, ಉಷಾ ನವರತ್ನರಾಂ ಅವರಿಗೂ ಕಾದು ಕೂರುವ ಓದುಗರಿದ್ದರು. ಇವರೆಲ್ಲರ ಬರಹವನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಬದಿಗೆ ಸರಿಸಿದ ವಿಮರ್ಶೆ ದೊಡ್ಡ ಅನ್ಯಾಯ ಮಾಡಿತು. ವಿಧವೆಯ ತಲೆಗೂದಲು, ಬಾಣಂತಿಯ ಮನಸ್ಸು, ಗಂಡನ ಮನೆಯ ಮೌನ ಇವನ್ನು ಕುರಿತು ಮನೆಯೊಳಗೆ ಮಾತು ಹುಟ್ಟಿಸಿದ್ದು ಇವೇ ಪುಸ್ತಕಗಳು. ಸಿನಿಮಾದವರು ಇದನ್ನು ಬೇಗ ಗುರುತಿಸಿದರು. ತ್ರಿವೇಣಿಯವರ ‘ಬೆಳ್ಳಿಮೋಡ’ 1967ರಲ್ಲಿ, ‘ಶರಪಂಜರ’ 1971ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಚಿತ್ರಗಳಾದವು. 1972ರಲ್ಲಿ ತ.ರಾ.ಸು. ಅವರ ಮೂರು ಕಾದಂಬರಿ ಸೇರಿ ‘ನಾಗರಹಾವು’, ಟಿ. ಕೆ. ರಾಮರಾಯರ ಕಾದಂಬರಿಯಿಂದ ‘ಬಂಗಾರದ ಮನುಷ್ಯ’ ಬಂದವು. ಸಿನಿಮಾ ನೋಡಿದವರು ಮರುದಿನ ಪುಸ್ತಕ ಕೇಳಿಕೊಂಡು ಅಂಗಡಿಗೆ ಬರುತ್ತಿದ್ದರು.

1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಈ ಓದಿಗೆ ಸರ್ಕಾರದ ಆಸರೆ ಒದಗಿಸಿತು. ತೆರಿಗೆಯೊಂದಿಗೆ ವಸೂಲಾಗುವ ಗ್ರಂಥಾಲಯ ಕರದಿಂದ ಶಾಖಾ ಗ್ರಂಥಾಲಯಗಳು ನಡೆದವು, ಸಗಟು ಖರೀದಿಯಿಂದ ಸಣ್ಣ ಪ್ರಕಾಶಕರು ಉಸಿರಾಡಿದರು. ಆದರೆ ಪುಸ್ತಕ ಓದುಗರ ಬದಲು ಗ್ರಂಥಾಲಯ ಇಲಾಖೆಯನ್ನೇ ನೆಚ್ಚಿ ಅಚ್ಚಾಗುವ ಕೆಟ್ಟ ಅಭ್ಯಾಸವೂ ಬೆಳೆಯಿತು.

1980ರ ದಶಕದಲ್ಲಿ ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಗಳು ಕನ್ನಡದಲ್ಲಿ ಭರ್ಜರಿಯಾಗಿ ಓಡಿದವು. ಮಾಟಮಂತ್ರದ ‘ತುಳಸಿದಳ’ ಓದಿ ರಾತ್ರಿ ದೀಪ ಆರಿಸಲು ಹೆದರಿದವರಿದ್ದರು. ಅದೇ ದಶಕದಲ್ಲಿ ಟಿವಿ ಮನೆಮನೆಗೆ ಬಂತು. 1990ರ ನಂತರ ಮಧ್ಯಾಹ್ನ, ಸಂಜೆಯ ಬಿಡುವನ್ನು ಅದು ಕಸಿದುಕೊಂಡಿತು. ಬಾಡಿಗೆ ಲೈಬ್ರರಿಗಳು ಒಂದೊಂದಾಗಿ ಮುಚ್ಚಿ, ಅವುಗಳ ನಂಬರು ಹಾಕಿದ ಪುಸ್ತಕಗಳು ಹಳೆ ಪುಸ್ತಕದ ಅಂಗಡಿ ಸೇರಿದವು.

ಓದು ಮಾತ್ರ ನಿಲ್ಲಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ತಲೆಮಾರು ದಾಟಿ ಇಂದಿಗೂ ಕಾಲೇಜು ಹುಡುಗರ ಕೈಯಲ್ಲಿದೆ. ಎಸ್. ಎಲ್. ಭೈರಪ್ಪನವರ ‘ಆವರಣ’ 2007ರಲ್ಲಿ ಬಂದಾಗ ಕೆಲವೇ ತಿಂಗಳಲ್ಲಿ ಹಲವು ಮುದ್ರಣ ಕಂಡು, ಕನ್ನಡದಲ್ಲಿ ಇನ್ನೂ ಇಷ್ಟು ಓದುಗರಿದ್ದಾರೆಯೇ ಎಂದು ಪ್ರಕಾಶಕರನ್ನು ಬೆರಗುಗೊಳಿಸಿತು. 16ನೇ ಶತಮಾನದ ಲಿಸ್ಬನ್ನಿಗೂ ವಿಜಯನಗರಕ್ಕೂ ನಂಟು ಕಟ್ಟುವ ವಸುಧೇಂದ್ರರ ‘ತೇಜೋ ತುಂಗಭದ್ರಾ’ 2019ರಿಂದ ಮತ್ತೆ ಮತ್ತೆ ಅಚ್ಚಾಗಿದೆ. 2025ರಲ್ಲಿ ಬಾನು ಮುಷ್ತಾಕರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಸಂದಾಗ ಅವರ ಕನ್ನಡ ಸಂಕಲನಗಳನ್ನು ಹುಡುಕುವವರು ಹೆಚ್ಚಿದರು. ಸಣ್ಣ ಪ್ರಕಾಶಕರು ಈಗ ವಾಟ್ಸ್‌ಆ್ಯಪ್‌ನಲ್ಲಿ ಬೇಡಿಕೆ ಪಡೆದು ಅಂಚೆಯಲ್ಲಿ ಪುಸ್ತಕ ಕಳಿಸುತ್ತಾರೆ. ವಿದೇಶದಲ್ಲಿರುವ ಕನ್ನಡಿಗರು ಇ-ಪುಸ್ತಕವಾಗಿಯೋ ಕೇಳುಪುಸ್ತಕವಾಗಿಯೋ ಅದೇ ಕೃತಿಗಳನ್ನು ಪಡೆಯುತ್ತಾರೆ.